ಕರೆಗಂಟೆಯಿಂದ ತಂತ್ರಾಂಶ ಹುಟ್ಟುವುದಿಲ್ಲ

ಭೂಮಿ ಹುಣ್ಣಿಮೆಗೆಂದು ಊರಿಗೆ ಬಂದಿದ್ದ ನೆರೆಮನೆಯ ತರುಣಿಯೊಬ್ಬಳು ಹಬ್ಬದ ಮಾರನೆಯ ದಿನ ನಮ್ಮ ಜಗಲಿಗೆ ಬಂದು ಕುಳಿತಳು. ಸೊರಬ ತಾಲ್ಲೂಕಿನ ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಶಿಕಾರಿಪುರದಲ್ಲಿ ಪಿಯುಸಿ ಮುಗಿಸಿ, ಎಂಜಿನಿಯರಿಂಗ್ ಪದವಿ ಪಡೆದು, ಆರು ವರ್ಷಗಳಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುತ್ತಿರುವವಳು. ಎರಡು ತಿಂಗಳ ಹಿಂದೆ ಅವಳನ್ನು ಮ್ಯಾನೇಜರ್ ಮಾಡಿದ್ದಾರೆ. ಕೈಕೆಳಗೆ ಒಂಬತ್ತು ಮಂದಿ ಪ್ರೋಗ್ರಾಮರ್‌ಗಳು. ಅವರಲ್ಲಿ ಇಬ್ಬರು ಅವಳಿಗಿಂತ ವಯಸ್ಸಿನಲ್ಲಿ ಹಿರಿಯರು. ಮನೆಯವರಿಗೆ ಸಂತೋಷವೋ ಸಂತೋಷ. ಅವಳ ಮುಖದಲ್ಲಿ ಮಾತ್ರ ನಿದ್ದೆಗೆಟ್ಟ ಕಳೆ.

'ನೀವು ಇಡೀ ತಾಲ್ಲೂಕು ಆಳಿದವರು. ಒಂಬತ್ತು ಜನರನ್ನು ನಡೆಸುವುದು ಹೇಗೆಂದು ನನಗೆ ಹೇಳಿಕೊಡಿ' ಎಂದಳು.

ನನಗೆ ಮೊದಲು ನಗು ಬಂತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಕಡತ ತಿರುವಿ ನಿವೃತ್ತನಾದವನಿಗೂ ಪ್ರೋಗ್ರಾಮರ್‌ಗಳಿಗೂ ಎತ್ತಣ ಸಂಬಂಧ? ಒಂದೇ ಒಂದು ಸಾಲಿನ ಪ್ರೋಗ್ರಾಮನ್ನೂ ನಾನು ಬರೆದವನಲ್ಲ. ಆದರೆ ಅವಳು ಬಳಸಿದ 'ಆಳಿದವರು' ಎಂಬ ಪದ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು. ಏಕೆಂದರೆ ಕಾಲು ಶತಮಾನದ ಹಿಂದೆ ನಾನೂ ಕೆಲವು ಗಣಕ ತಜ್ಞರನ್ನು 'ಆಳಲು' ಹೋಗಿ, ಅದರ ದಂಡವನ್ನು ಬೇರೆ ಯಾರೋ ತೆತ್ತಿದ್ದರು.

2000-01ರ ಮಾತು. 'ಭೂಮಿ' ಯೋಜನೆಯಡಿ ರಾಜ್ಯದ ಪಹಣಿಗಳನ್ನೆಲ್ಲ ಗಣಕೀಕರಿಸುವ ಕೆಲಸ ತಾಲ್ಲೂಕು ಕಚೇರಿಗಳಲ್ಲಿ ಹಗಲಿರುಳು ನಡೆದಿತ್ತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು. ಅಲ್ಲಿಯವರೆಗೆ ಅವು ಸುಮಾರು 9,000 ಗ್ರಾಮಲೆಕ್ಕಿಗರ ಚೀಲಗಳಲ್ಲಿ, ಅವರವರ ಕೈಬರಹದಲ್ಲಿ ಇದ್ದಂಥವು. ರೈತನಿಗೆ ತನ್ನದೇ ಜಮೀನಿನ ಪಹಣಿ ಬೇಕೆಂದರೆ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರ ಮರ್ಜಿ ಹಿಡಿಯಬೇಕಿತ್ತು. ಇನ್ನು ಮುಂದೆ ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತದೆ ಎಂಬುದು ಆ ದಿನಗಳಲ್ಲಿ ನಂಬಲಾಗದ ಸಂಗತಿಯಾಗಿತ್ತು. ತಂತ್ರಾಂಶವನ್ನು ಸಿದ್ಧಪಡಿಸಿದ್ದು ಎನ್‌ಐಸಿ. ಬೆಂಗಳೂರಿನಿಂದ ಯೋಜನೆಯ ಬೆನ್ನು ಹತ್ತಿದ್ದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಅದರ ಯಶಸ್ಸಿನ ಕಥೆಯನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೊಸದಾಗಿ ಸೇರಿಸುವುದೇನೂ ಇಲ್ಲ. ಯಾರೂ ಬರೆಯದ ಒಂದು ವಿಷಯವಿದೆ. ಆ ವರ್ಷ ರಾಜ್ಯದ ತಹಶೀಲ್ದಾರರೆಲ್ಲ ಒಂದು ಬೆಳಗಾಗುವುದರೊಳಗೆ ಗಣಕ ತಂಡಗಳ ಮ್ಯಾನೇಜರ್‌ಗಳಾಗಿಬಿಟ್ಟರು. ಭೂಕಂದಾಯ ಕಾಯ್ದೆಯ ಕಲಂಗಳನ್ನು ಬಾಯಿಪಾಠ ಒಪ್ಪಿಸಬಲ್ಲವರಾಗಿದ್ದ ನಮಗೆ ಈ ಹೊಸ ಬಗೆಯ ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಶಿಕಾರಿಪುರ, ಸೊರಬ ಎರಡೂ ನನ್ನ ಸೇವಾವಧಿಯಲ್ಲಿ ನಾನು ಬಲ್ಲ ತಾಲ್ಲೂಕುಗಳು. ಮುಂದೆ ಹೇಳುವ ಘಟನೆ ನಡೆದದ್ದು ಯಾವ ಕಚೇರಿಯಲ್ಲಿ ಎಂಬುದನ್ನು ಬರೆಯುವುದಿಲ್ಲ. ಮಲೆನಾಡಿನ ಒಂದು ತಾಲ್ಲೂಕು ಎಂದಿಟ್ಟುಕೊಂಡರೆ ಸಾಕು. ತಪ್ಪು ನನ್ನದು, ಕಟ್ಟಡದ್ದಲ್ಲ.

ನನ್ನ ಕೊಠಡಿಯಲ್ಲಿ ಹಿತ್ತಾಳೆಯ ಕರೆಗಂಟೆ ಇತ್ತು. ಒಮ್ಮೆ ಒತ್ತಿದರೆ ಜವಾನ, ಎರಡು ಸಲ ಒತ್ತಿದರೆ ಶಿರಸ್ತೇದಾರ. ಆಡಳಿತವೆಂದರೆ ಆ ಗಂಟೆಯ ಸದ್ದು ಎಷ್ಟು ದೂರ ಕೇಳಿಸುತ್ತದೆ ಎಂಬುದೇ ಎಂದು ತಿಳಿದಿದ್ದ ಕಾಲ. ಡೇಟಾ ಎಂಟ್ರಿಗೆಂದು ಖಾಸಗಿ ಏಜೆನ್ಸಿಯೊಂದರಿಂದ ಬಂದ ಹುಡುಗ ಹುಡುಗಿಯರು, ಅವರ ಜೊತೆಗೆ ಗುತ್ತಿಗೆಯ ಮೇಲೆ ಬಂದ ಇಪ್ಪತ್ತಮೂರು ವರ್ಷದ ಪ್ರೋಗ್ರಾಮರ್. ನಮೂದಾದ ಪಹಣಿಗಳ ತಾಳೆ ನೋಡಲು ಸಣ್ಣಪುಟ್ಟ ಪ್ರೋಗ್ರಾಮ್‌ಗಳನ್ನು ಬರೆಯುವುದು, ದಿನದ ಕೊನೆಗೆ ದತ್ತಾಂಶದ ಪ್ರತಿ ತೆಗೆದಿಡುವುದು ಅವನ ಕೆಲಸ. ಇವರೆಲ್ಲರನ್ನೂ ನಾನು ನನ್ನ ಗುಮಾಸ್ತರ ಸಾಲಿಗೇ ಸೇರಿಸಿಬಿಟ್ಟೆ.

ಮೊದಲು ಮಾಡಿದ ಕೆಲಸ, ಗೋಡೆಗೆ ಒಂದು ಪಟ್ಟಿ ತೂಗುಹಾಕಿದ್ದು. ಯಾರು ದಿನಕ್ಕೆ ಎಷ್ಟು ಪಹಣಿ ನಮೂದಿಸಿದರು ಎಂಬ ಲೆಕ್ಕ. ಪಟ್ಟಿ ಹಾಕಿದ ವಾರದಲ್ಲೇ ಸಂಖ್ಯೆ ಜಿಗಿಯಿತು. ನಾನು ಹಿಗ್ಗಿದೆ; ಜಿಲ್ಲಾಧಿಕಾರಿಗಳ ಸಭೆಯಲ್ಲಿ ಬೀಗಿದೆ. ಮೂರನೆಯ ವಾರ ಕಪಾಟು ತೆರೆದು ನೋಡಿದಾಗ ಒಬ್ಬನೇ ಹಕ್ಕುದಾರನಿರುವ, ಒಂದೇ ಬೆಳೆಯ, ಸರಳ ಪಹಣಿಗಳೆಲ್ಲ ಮುಗಿದಿದ್ದವು. ಒಂದು ಅಡಿಕೆ ತೋಟಕ್ಕೆ ಹದಿನೆಂಟು ಹಕ್ಕುದಾರರಿರುವ, ಹಿಸ್ಸೆಯ ಮೇಲೆ ಹಿಸ್ಸೆ ಒಡೆದಿರುವ, ಹಳೆಯ ಶಾನುಭೋಗರ ಮೋಡಿ ತಿರುವಿನ ಅಕ್ಷರದಲ್ಲಿರುವ ಪಹಣಿಗಳು ಮುಟ್ಟದೆ ಉಳಿದಿದ್ದವು. ಹುಡುಗರದೇನೂ ತಪ್ಪಿಲ್ಲ. ಎಣಿಕೆಗೆ ಬೆಲೆ ಕಟ್ಟಿದ್ದು ನಾನು. ಅವರು ಎಣಿಕೆಯನ್ನೇ ಕೊಟ್ಟರು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಗುರುತಿಸಿದ ಸಂಗತಿ ಇದೇ ತಾನೆ? ಅಳತೆಗೋಲನ್ನೇ ಗುರಿಯಾಗಿಸಿಕೊಂಡರೆ ಅದು ಅಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಓದಿದ್ದು ನೆನಪಿಗೆ ಬಂದದ್ದು ತಡವಾಗಿ. ಇಂದಿನ ಕಂಪನಿಗಳಲ್ಲೂ ಬರೆದ ಸಾಲುಗಳನ್ನು ಎಣಿಸುವ, ಮುಗಿಸಿದ 'ಟಿಕೆಟ್'ಗಳನ್ನು ಎಣಿಸುವ ಮ್ಯಾನೇಜರ್‌ಗಳಿದ್ದಾರೆ ಎಂದು ನಮ್ಮ ಹುಡುಗಿ ಹೇಳಿದಾಗ ನನ್ನ ಗೋಡೆಯ ಪಟ್ಟಿಯೇ ಕಣ್ಣಮುಂದೆ ಬಂತು.

ಗಡುವು ಹತ್ತಿರ ಬರುತ್ತಿದ್ದಂತೆ ಇನ್ನೊಂದು ಎಡವಟ್ಟು ಮಾಡಿದೆ. ಬೇರೆಡೆಯಿಂದ ಇನ್ನೂ ನಾಲ್ವರನ್ನು ಕರೆಸಿದೆ. ಭತ್ತದ ಒಕ್ಕಲಿಗೆ ಕೈ ಹೆಚ್ಚಾದರೆ ಕಣ ಬೇಗ ಖಾಲಿಯಾಗುತ್ತದಲ್ಲವೇ? ಆದರೆ ಹೊಸಬರಿಗೆ ಆ ಅಕ್ಷರ ಓದಲು ಬಾರದು, 'ಖರಾಬು' ಎಂದರೇನು, 'ಪೌತಿ' ಎಂದರೇನು ತಿಳಿಯದು. ಹಳಬರು ತಮ್ಮ ಕೆಲಸ ಬಿಟ್ಟು ಅವರಿಗೆ ಕಲಿಸಲು ಕುಳಿತರು. ಹದಿನೈದು ದಿನ ಕೆಲಸ ಮುಂದೆ ಹೋಗುವ ಬದಲು ಹಿಂದೆ ಸರಿಯಿತು. ನಾನಿದನ್ನು ಇಳಿಮುಖ ಪ್ರತಿಫಲ ನಿಯಮ ಎಂದುಕೊಂಡಿದ್ದೆ. ವಿಷಯ ಇನ್ನೂ ಕೆಟ್ಟದ್ದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಫ್ರೆಡರಿಕ್ ಬ್ರೂಕ್ಸ್ ಅವರ ಪುಸ್ತಕ ಕೈಗೆ ಸಿಕ್ಕಾಗ. ಐಬಿಎಂನ ಸಿಸ್ಟಮ್ 360 ಗಣಕಗಳ ಕಾರ್ಯಾಚರಣ ತಂತ್ರಾಂಶ ತಯಾರಿಕೆಯ ಹೊಣೆ ಹೊತ್ತಿದ್ದ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು: ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ. ಮಲೆನಾಡಿನ ಒಬ್ಬ ತಹಶೀಲ್ದಾರ ಅದನ್ನು ಸ್ವಂತ ಖರ್ಚಿನಲ್ಲಿ, ತಪ್ಪಾಯಿತು, ಸರ್ಕಾರದ ಖರ್ಚಿನಲ್ಲಿ ಮತ್ತೊಮ್ಮೆ ಸಾಬೀತುಪಡಿಸಿದ.

ಗಂಟೆಯ ವಿಷಯಕ್ಕೆ ಬರುತ್ತೇನೆ. ಪ್ರೋಗ್ರಾಮರ್ ಹುಡುಗನನ್ನು ದಿನಕ್ಕೆ ಏಳೆಂಟು ಸಲ ಕರೆಸಿ 'ಎಲ್ಲಿಗೆ ಬಂತು?' ಎಂದು ಕೇಳುತ್ತಿದ್ದೆ. ಕೆಲಸದ ಮೇಲೆ ನಿಗಾ ಇಡುವುದೆಂದರೆ ಅದೇ ಎಂಬ ಭಾವನೆ. ಒಂದು ಸಂಜೆ ಜಮಾಬಂದಿಯ ಲೆಕ್ಕ ಕೂಡುತ್ತಿದ್ದ ಹಿರಿಯ ಗುಮಾಸ್ತರೊಬ್ಬರನ್ನು ಯಾರೋ ಮಾತನಾಡಿಸಿದರು. ಅವರು ತಲೆಯೆತ್ತಿ ಉತ್ತರಿಸಿ, ನಿಟ್ಟುಸಿರುಬಿಟ್ಟು ಪುಟದ ಮೇಲಿನಿಂದ ಮತ್ತೆ ಕೂಡಲು ತೊಡಗಿದರು. ಆಗ ಹೊಳೆಯಿತು. ಆ ಹುಡುಗನ ಕೆಲಸವೂ ಇಂಥದೇ, ವ್ಯತ್ಯಾಸವೆಂದರೆ ಅವನ ಪುಟ ಕಾಗದದ ಮೇಲಿಲ್ಲ, ತಲೆಯೊಳಗಿದೆ. ನಾನು ಗಂಟೆ ಒತ್ತಿದಾಗಲೆಲ್ಲ ಅವನು ಒಂದು ಗಂಟೆಯ ಕೂಡಿಕೆಯನ್ನು ಕಳೆದುಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಿದ್ದ; ನಾನು ಅವನಿಗೆ ಕುರ್ಚಿಯನ್ನೂ ಕೊಡುತ್ತಿರಲಿಲ್ಲ.

ಇನ್ನು ಗುಂಟೆಯ ಪ್ರಸಂಗ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯುತ್ತೇವೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹಕ್ಕುದಾರರ ಪಾಲುಗಳ ಮೊತ್ತ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣಕ್ಕೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಮನ್ನು ಹುಡುಗ ಬರೆದ. ಅದು ನೂರಾರು ಸರಿಯಾದ ಪಹಣಿಗಳನ್ನು ತಪ್ಪು ಎಂದಿತು. ಒಂದು ಎಕರೆ ಇಪ್ಪತ್ತೈದು ಗುಂಟೆಗೆ ಇನ್ನೊಂದು ಎಕರೆ ಇಪ್ಪತ್ತೈದು ಗುಂಟೆ ಕೂಡಿದರೆ ಮೂರು ಎಕರೆ ಹತ್ತು ಗುಂಟೆ ಎಂಬುದು ನಮ್ಮ ಕಡೆಯ ಹಳ್ಳಿಯ ಮಗುವಿಗೂ ಗೊತ್ತು. ನಗರದಲ್ಲಿ ಬೆಳೆದ ಆ ಹುಡುಗ ಅದನ್ನು ದಶಮಾಂಶವೆಂದು ಭಾವಿಸಿ ಎರಡೂವರೆ ಮಾಡಿದ್ದ. ನಾನು ಸಿಟ್ಟಾದೆ. ಆದರೆ ಅವನಿಗೆ ಗುಂಟೆ ಎಂದರೇನೆಂದು ನಾನು ಯಾವತ್ತು ಹೇಳಿದ್ದೆ? ಭೂಮಾಪಕರ ಜೊತೆ ಅವನನ್ನು ಒಂದು ದಿನ ಗದ್ದೆಗೆ ಕಳುಹಿಸಿದೆ. ಮೂವತ್ತಮೂರು ಅಡಿಯ ಸರಪಳಿ ಹಿಡಿದು ಉದ್ದಗಲ ಎಳೆದಾಗ ಸಿಗುವ 1,089 ಚದರ ಅಡಿಯೇ ಒಂದು ಗುಂಟೆ ಎಂಬುದನ್ನು ಅವನು ಕೆಸರಿನಲ್ಲಿ ನಿಂತು ಕಂಡ. ಮರುದಿನವೇ ಎಲ್ಲ ವಿಸ್ತೀರ್ಣವನ್ನೂ ಆಣೆಗೆ ಪರಿವರ್ತಿಸಿ ಕೂಡುವಂತೆ ಪ್ರೋಗ್ರಾಮನ್ನು ತಿದ್ದಿದ. ನನ್ನ ಹತ್ತು ಮೆಮೊಗಳಿಂದ ಆಗದಿದ್ದದ್ದು ಒಂದು ಸರಪಳಿಯಿಂದ ಆಯಿತು. ಅಂದು ಸಂಜೆ ಅವನು ಉತ್ಸಾಹದಿಂದ ನನಗೆ ವಿವರಿಸುತ್ತಿದ್ದಾಗ ಅವನಿಗೂ ಒಂದು ಹೆಸರಿದೆ, ಊರಿದೆ, ತಾಯಿಯಿದ್ದಾರೆ ಎಂಬುದನ್ನು ಮೊದಲ ಬಾರಿಗೆ ಗಮನಿಸಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡದು ಮುಂದಿದೆ.

ಮೇ ತಿಂಗಳ ಕೊನೆಯಲ್ಲಿ ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬರು ಮುದ್ರಿತ ಪಹಣಿ ಹಿಡಿದು ಬಂದರು. ಹಿಂದಿನ ವರ್ಷ ಗಂಡ ತೀರಿಕೊಂಡಿದ್ದರು. ಪೌತಿ ಖಾತೆಯಾಗಿ ಜಮೀನು ತಮ್ಮ ಹೆಸರಿಗೆ ಬಂದಿದೆ ಎಂದು ಅವರು ನಂಬಿದ್ದರು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಯಲ್ಲಿ ಹಾಗೆಯೇ ಇತ್ತು. ನಾವು ಕೊಟ್ಟ ಮುದ್ರಿತ ಪಹಣಿಯಲ್ಲಿ ಮಾತ್ರ ತೀರಿಕೊಂಡ ಗಂಡನೇ ಇನ್ನೂ ಹಕ್ಕುದಾರ. ಸಹಕಾರ ಸಂಘದವರು ಬೆಳೆಸಾಲ ಕೊಡಲಾಗದು ಎಂದು ಹಿಂದಕ್ಕೆ ಕಳುಹಿಸಿದ್ದರು. ಪಹಣಿಯ ಕೆಳಗೆ ನನ್ನ ಕಚೇರಿಯ ಮೊಹರು ಇತ್ತು. ಕಂಪ್ಯೂಟರಿನಿಂದ ಬಂದದ್ದು ತಪ್ಪಾಗಿರಲು ಸಾಧ್ಯವಿಲ್ಲ ಎಂದು ಕಿಟಕಿಯಲ್ಲಿದ್ದವರು ಆಕೆಗೆ ಎರಡು ಸಲ ಹೇಳಿ ಕಳುಹಿಸಿದ್ದರಂತೆ.

ವಿಚಾರಿಸಿದಾಗ ಹೊರಬಂದದ್ದು ಇಷ್ಟು. ಒಂದು ಸಂಜೆ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ದತ್ತಾಂಶ ಕೆಟ್ಟಿದೆ. ಹುಡುಗ ಹಳೆಯ ಪ್ರತಿಯಿಂದ ಅದನ್ನು ಮರಳಿ ತುಂಬಿದ್ದಾನೆ. ಆ ಪ್ರತಿ ಮೂರು ವಾರ ಹಳೆಯದು. ಎರಡು ಗ್ರಾಮಗಳಲ್ಲಿ ಆ ಮೂರು ವಾರ ಮಾಡಿದ್ದ ತಿದ್ದುಪಡಿಗಳೆಲ್ಲ ಅಳಿಸಿಹೋಗಿವೆ. ಎರಡೇ ದಿನದಲ್ಲಿ ಅವನಿಗೆ ಇದು ಗೊತ್ತಾಗಿದೆ. ಆದರೂ ಯಾರಿಗೂ ಹೇಳಿಲ್ಲ. ಹನ್ನೊಂದು ದಿನಗಳಿಂದ, ಎಲ್ಲರೂ ಮನೆಗೆ ಹೋದ ಮೇಲೆ, ಒಬ್ಬನೇ ಕುಳಿತು ಕಡತಗಳಿಂದ ಅವನ್ನು ಮತ್ತೆ ನಮೂದಿಸುತ್ತಿದ್ದ. ನಾನೋ, ಆ ಹನ್ನೊಂದು ದಿನವೂ ಅದೇ ಗ್ರಾಮಗಳ ಪಹಣಿಗಳನ್ನು ವಿತರಿಸಲು ಒಪ್ಪಿಗೆ ಕೊಡುತ್ತಿದ್ದೆ.

ನಾನು ಕೂಗಾಡಿದೆ. ಏಜೆನ್ಸಿಗೆ ಬರೆದು ಅವನನ್ನು ಅಂದೇ ಬಿಡುಗಡೆ ಮಾಡುವುದಾಗಿ ಹೇಳಿದೆ. ಅವನು ಹೋದ ಮೇಲೆ ನಮ್ಮ ಶಿರಸ್ತೇದಾರರು ಬಾಗಿಲು ಮುಂದೆ ಮಾಡಿ, ನಿಂತುಕೊಂಡೇ, 'ಸ್ವಾಮಿ, ಅವನು ಹೆದರಿದ್ದು ಕಂಪ್ಯೂಟರಿಗಲ್ಲ' ಎಂದರು. ಅಷ್ಟೇ. ಹಿಂದಿನ ತಿಂಗಳು ಹೆಸರೊಂದನ್ನು ತಪ್ಪಾಗಿ ನಮೂದಿಸಿದ್ದ ಆಪರೇಟರ್ ಹುಡುಗಿಯೊಬ್ಬಳನ್ನು ನಾನು ಎಲ್ಲರೆದುರು ಬೈದು, ಆಕೆ ಅಳುತ್ತಾ ಕೆಲಸ ಬಿಟ್ಟುಹೋಗಿದ್ದು ಅವರಿಗೂ ನೆನಪಿತ್ತು, ನನಗೂ. ಆ ದಿನ ಕಚೇರಿಯಲ್ಲಿದ್ದವರೆಲ್ಲ ಒಂದು ಪಾಠ ಕಲಿತಿದ್ದರು. ತಪ್ಪು ಮಾಡಬಾರದು ಎಂಬ ಪಾಠವಲ್ಲ ಅದು. ತಪ್ಪನ್ನು ಸಾಹೇಬರಿಗೆ ಹೇಳಬಾರದು ಎಂಬ ಪಾಠ.

ಮಾರನೆಯ ದಿನ ಆ ಎರಡು ಗ್ರಾಮಗಳ ಪಹಣಿ ವಿತರಣೆ ನಿಲ್ಲಿಸಿ, ಮೇಲಧಿಕಾರಿಗಳಿಗೆ ವರದಿ ಬರೆದೆ. ಪರಿಶೀಲಿಸದೆ ವಿತರಣೆಗೆ ಒಪ್ಪಿಗೆ ಕೊಟ್ಟವನು ನಾನು, ಪ್ರತಿ ತೆಗೆದಿಡುವ ಕೆಲಸಕ್ಕೆ ಲಿಖಿತ ಕ್ರಮವನ್ನು ನಿಗದಿಪಡಿಸದೆ ಇದ್ದವನೂ ನಾನು ಎಂದು ಒಪ್ಪಿಕೊಂಡೆ. ವಿವರಣೆ ಕೇಳಿ ನೋಟಿಸು ಬಂತು, ಅದು ಬರಬೇಕಾದ್ದೇ. ಹುಡುಗನನ್ನು ಉಳಿಸಿಕೊಂಡೆ. ಔದಾರ್ಯದಿಂದಲ್ಲ. ಯಾವ ದಾಖಲೆ ಎಲ್ಲಿ ಕೆಟ್ಟಿದೆ ಎಂದು ತಿಳಿದಿದ್ದವನು ಅವನೊಬ್ಬನೇ.

ಆಮೇಲೆ ಸಭಾಂಗಣದ ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಇರಿಸಿದೆ. ಕಂಡ ತಪ್ಪನ್ನು, ಯಾರು ಮಾಡಿದ್ದೇ ಇರಲಿ, ಅಂದೇ ಅದರಲ್ಲಿ ಬರೆಯಬೇಕು; ಬರೆದವರನ್ನು ಯಾರೂ ಬೈಯುವಂತಿಲ್ಲ ಎಂದು ತಿಳಿಸಿದೆ. ಒಂದು ವಾರ ಪುಟ ಖಾಲಿ. ನನ್ನ ಮಾತನ್ನು ಅವರು ಏಕೆ ನಂಬಬೇಕು? ಎಂಟನೆಯ ದಿನ ನಾನೇ ಮೊದಲ ಸಾಲು ಬರೆದೆ: ಜನರೇಟರಿಗೆ ಡೀಸೆಲ್ ಮಂಜೂರು ಮಾಡುವ ಕಡತ ನನ್ನ ಮೇಜಿನ ಮೇಲೆ ಒಂಬತ್ತು ದಿನ ಬಿದ್ದಿತ್ತು, ಅಂದು ಕರೆಂಟು ಹೋದಾಗ ಜನರೇಟರ್ ಓಡದಿದ್ದುದಕ್ಕೆ ಅದೇ ಕಾರಣ. ಕೆಳಗೆ ಸಹಿ ಹಾಕಿದೆ. ಎರಡು ದಿನದ ಮೇಲೆ ಒಂದು ಹುಡುಗಿ ಎರಡನೆಯ ಸಾಲು ಬರೆದಳು. ತಿಂಗಳೊಳಗೆ ನಾಲ್ಕು ಪುಟ ತುಂಬಿತು. ಕಚೇರಿಯಲ್ಲಿ ತಪ್ಪುಗಳು ಹೆಚ್ಚಾದವು ಎಂದು ಹೊರಗಿನವರು ತಿಳಿದಾರು. ಮೊದಲೂ ಅಷ್ಟೇ ಇದ್ದವು. ನನ್ನ ಕಣ್ಣಿಗೆ ಬೀಳತೊಡಗಿದ್ದು ಆಗ.

ಹೀಗಾಗಿ ಮ್ಯಾನೇಜರ್ ಎಂಬುವನ ನಿಜವಾದ ಕೆಲಸ ಯಾವುದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಪ್ರೋಗ್ರಾಮ್ ಬರೆಯುವವನ ಕೈ ಹಿಡಿದು ಬರೆಸಲು ನನಗೆ ಬರುವುದಿಲ್ಲ, ಬಂದರೂ ಮಾಡಬಾರದು. ಅವನಿಗೆ ಡೀಸೆಲ್ ಬೇಕು, ನಾನು ಖಜಾನೆಗೆ ಅಲೆಯಬೇಕು. ಏಜೆನ್ಸಿ ಎರಡು ತಿಂಗಳಿಂದ ಸಂಬಳ ಕೊಟ್ಟಿಲ್ಲ, ನಾನು ಅವರ ಬೆನ್ನು ಹತ್ತಬೇಕು. ಗ್ರಾಮಲೆಕ್ಕಿಗರು ಮೂಲ ದಾಖಲೆ ಕೊಡಲು ಹಿಂದೇಟು ಹಾಕುತ್ತಾರೆ, ಅವರ ಅಂಜಿಕೆಯನ್ನೂ ಕೇಳಿಸಿಕೊಂಡು ದಾಖಲೆ ತರಿಸಬೇಕು. ಮೇಲಿನವರು ಹದಿನೈದು ದಿನದಲ್ಲಿ ಮುಗಿಸಿ ಎಂದಾಗ 'ಆಗಲಿ ಸರ್' ಎಂದು ತಲೆಯಾಡಿಸಿ ಬರುವ ಮೊದಲು ಕೆಲಸ ಮಾಡುವವರನ್ನು ಕೇಳಬೇಕು. ಅವರು ನಲವತ್ತು ದಿನ ಎಂದರೆ ಆ ಅಪ್ರಿಯ ಸಂಖ್ಯೆಯನ್ನು ಮೇಲಕ್ಕೆ ಹೊತ್ತೊಯ್ಯಬೇಕು. ಸರ್ಕಾರದಲ್ಲಿ ನಾವು 'ಶೀಘ್ರದಲ್ಲೇ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದು ಬದುಕಿದವರು. ಆ ವಾಕ್ಯಕ್ಕೆ ದಿನಾಂಕವಿಲ್ಲದಿರುವುದೇ ಅದರ ಸೊಬಗು. ಪ್ರೋಗ್ರಾಮರ್‌ಗಳ ಲೋಕದಲ್ಲಿ ಅದು ನಡೆಯದು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋದವರು ಕೇದಾರೇಶ್ವರ ದೇಗುಲ ನೋಡಿ ಬರುತ್ತಾರೆ. ಆ ಊರಿನ ದಾಸೋಜ, ಅವನ ಮಗ ಚಾವಣ ಎಂಬ ಶಿಲ್ಪಿಗಳ ಹೆಸರು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಅವರವರ ಶಿಲ್ಪಗಳ ಕೆಳಗೆ ಇಂದಿಗೂ ಕೆತ್ತಿದೆ. 1117ರಲ್ಲಿ ಆ ದೇವಾಲಯವನ್ನು ಕಟ್ಟಿಸಿದ ಹೆಸರು ವಿಷ್ಣುವರ್ಧನನದು, ಹಣವೂ ಅವನದೇ. ಆದರೂ ಉಳಿ ಹಿಡಿದವರು ತಮ್ಮ ಹೆಸರನ್ನು ಕೆತ್ತಲು ಯಾರೂ ಅಡ್ಡಿಪಡಿಸಲಿಲ್ಲ. ಆ ಕೆಲಸದ ಮೇಲ್ವಿಚಾರಣೆ ನಡೆಸಿದ ಅಧಿಕಾರಿಗೆ ಮದನಿಕೆಯ ಬೆರಳೊಂದನ್ನಾದರೂ ಕೆತ್ತಲು ಬರುತ್ತಿತ್ತೇ ಎಂಬ ಬಗ್ಗೆ ನನಗೆ ಅನುಮಾನವಿದೆ. ನಮ್ಮ ಹುಡುಗನ ತಾಳೆ ಪ್ರೋಗ್ರಾಮನ್ನು ಜಿಲ್ಲೆಯ ಸಭೆಯಲ್ಲಿ ನಾನು 'ನಮ್ಮ ಕಚೇರಿಯ ಪ್ರಯತ್ನ' ಎಂದು ಪ್ರದರ್ಶಿಸಿದ್ದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವನ ಹೆಸರನ್ನು ಹೇಳಲು ನನಗೆ ಮೂರು ಸೆಕೆಂಡು ಸಾಕಾಗಿತ್ತು. ಹೇಳಲಿಲ್ಲ. ಮುಂದಿನ ಸಭೆಯಲ್ಲಿ ಹೇಳಿದೆ. ಅಷ್ಟರಲ್ಲಿ ಅವನು ಬೆಂಗಳೂರಿನ ಕೆಲಸ ಹುಡುಕಿಕೊಂಡಿದ್ದ. ನಾನು ಶಿಫಾರಸು ಪತ್ರ ಬರೆದುಕೊಟ್ಟೆ.

ಇದನ್ನೆಲ್ಲ ಕೇಳಿದ ಹುಡುಗಿ ತನ್ನ ಕಷ್ಟ ಹೇಳಿಕೊಂಡಳು. ಅವಳದು ನನ್ನ ಕಾಯಿಲೆಗೆ ತದ್ವಿರುದ್ಧವಾದದ್ದು. ನನಗೆ ಕೆಲಸ ಬರುತ್ತಿರಲಿಲ್ಲ. ಅವಳಿಗೆ ತೀರಾ ಚೆನ್ನಾಗಿ ಬರುತ್ತದೆ. ಹಗಲೆಲ್ಲ ಮೀಟಿಂಗು, ರಾತ್ರಿ ಕುಳಿತು ತಂಡದವರು ಬರೆದದ್ದನ್ನು ತಾನೇ ತಿದ್ದಿ ಬರೆಯುವುದು. ಬೆಳಗಾದರೆ ಅವರು ತಮ್ಮ ಬರವಣಿಗೆ ಮಾಯವಾಗಿರುವುದನ್ನು ಕಾಣುತ್ತಾರೆ. ಇಬ್ಬರು ಹಿರಿಯರು ಈಗ ಅವಳೊಡನೆ ಮಾತು ಕಡಿಮೆ ಮಾಡಿದ್ದಾರೆ. ಹನ್ನೊಂದು ರಾತ್ರಿ ಒಬ್ಬನೇ ಕುಳಿತು ನಮೂದಿಸುತ್ತಿದ್ದ ಆ ಹುಡುಗನೂ ಇವಳೂ ಮಾಡುತ್ತಿರುವುದು ಒಂದೇ ಕೆಲಸ ಎನ್ನಿಸಿತು: ತಪ್ಪನ್ನು ಬೇರೆಯವರ ಕಣ್ಣಿಗೆ ಬೀಳದಂತೆ ರಾತ್ರಿಯಲ್ಲಿ ಸರಿಪಡಿಸುವುದು. ತಿದ್ದಬೇಡ, ತೋರಿಸು ಎಂದೆ. ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅರ್ಧ ಗಂಟೆ ಅವರ ಮಾತು ಕೇಳು, ಕೆಲಸದ ವರದಿ ಕೇಳಬೇಡ ಎಂದೆ. ಅವರಲ್ಲಿ ಯಾರಾದರೂ ನಿನಗಿಂತ ಚೆನ್ನಾಗಿ ಬರೆಯುತ್ತಿದ್ದರೆ ನಿನ್ನ ಪುಣ್ಯ ಎಂದೂ ಹೇಳಿದೆ. ಇದರಲ್ಲಿ ಯಾವುದು ಅವಳಿಗೆ ಉಪಯೋಗವಾದೀತೋ, ಹಿರಿಯರ ಉಪದೇಶದ ಹಣೆಬರಹವೇ ಅಷ್ಟು.

ಆದರೆ ಈ ದೋಷ ಅವಳೊಬ್ಬಳದಲ್ಲ. ಚೆನ್ನಾಗಿ ಕೆಲಸ ಮಾಡುವವರಿಗೆ ಆ ಕೆಲಸ ಬಿಡಿಸಿ ಬೇರೆ ಕೆಲಸ ಕೊಡುವುದನ್ನೇ ನಾವು ಬಡ್ತಿ ಎನ್ನುತ್ತೇವೆ. ಸರ್ಕಾರವೂ ಹಾಗೆ, ಕಂಪನಿಗಳೂ ಹಾಗೆ. ಒಳ್ಳೆಯ ಪ್ರೋಗ್ರಾಮರ್ ಒಬ್ಬಳನ್ನು ಕಳೆದುಕೊಂಡು ಅನನುಭವಿ ಮ್ಯಾನೇಜರ್ ಒಬ್ಬಳನ್ನು ಪಡೆಯುವ ಈ ವ್ಯಾಪಾರದಲ್ಲಿ ನಷ್ಟ ಎರಡು ಕಡೆಯಿಂದ ಎಂದು ಅರ್ಥಶಾಸ್ತ್ರ ಓದದವರಿಗೂ ತಿಳಿಯುತ್ತದೆ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾದ ಮೇಲೆ ನಮ್ಮಂಥ ತಾಲ್ಲೂಕುಗಳ ಮಕ್ಕಳೂ ಎಂಜಿನಿಯರ್‌ಗಳಾಗಿ ಬೆಂಗಳೂರು ಸೇರಿದರು. ಯಂತ್ರಕ್ಕೆ ಮಾತು ಹೇಳುವುದನ್ನು ಅವರಿಗೆ ನಾಲ್ಕು ವರ್ಷ ಕಲಿಸಿದೆವು. ಮನುಷ್ಯನ ಮಾತು ಕೇಳುವುದನ್ನು ನಾಲ್ಕು ದಿನವಾದರೂ ಕಲಿಸಲಿಲ್ಲ. ಬಡ್ತಿಗೆ ಮುನ್ನ ಆರು ತಿಂಗಳು ಅನುಭವಿ ಮ್ಯಾನೇಜರ್ ಒಬ್ಬರ ಪಕ್ಕದಲ್ಲಿ ಕೂರಿಸಿ ಕಲಿಸುವುದು ಕಂಪನಿಗಳಿಗೆ ದೊಡ್ಡ ಖರ್ಚೇನಲ್ಲ. ಆ ಕೆಲಸ ಒಗ್ಗದಿದ್ದರೆ ಮರ್ಯಾದೆಗೆ, ಸಂಬಳಕ್ಕೆ ಕುಂದಿಲ್ಲದೆ ಪ್ರೋಗ್ರಾಮಿಂಗ್‌ಗೇ ಮರಳುವ ದಾರಿಯೂ ಇರಬೇಕು.

ಸರ್ಕಾರದ ಪಾಲಿಗೆ ಈ ಪಾಠ ಇನ್ನೂ ತುರ್ತಿನದು. ಗ್ರಾಮಲೆಕ್ಕಿಗರ ಹೆಸರು ಈಗ ಗ್ರಾಮ ಆಡಳಿತಾಧಿಕಾರಿ ಎಂದಾಗಿದೆ. ಚೀಲದ ಜಾಗಕ್ಕೆ ಮೊಬೈಲ್ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ಮುಂದಿಟ್ಟ ದೂರುಗಳಲ್ಲಿ ಒಂದು, ಸೌಲಭ್ಯ ಕೊಡದೆ ಹೇರಲಾದ ಹತ್ತಾರು ಆ್ಯಪ್‌ಗಳ ಒತ್ತಡ. ಪತ್ರಿಕೆಯಲ್ಲಿ ಅದನ್ನು ಓದಿದಾಗ ಆ ಆ್ಯಪ್‌ಗಳನ್ನು ಬರೆದ ಪ್ರೋಗ್ರಾಮರ್‌ಗಳ ನೆನಪಾಯಿತು. ಅವರನ್ನು ಯಾರಾದರೂ ಒಂದು ದಿನ ಚಂದ್ರಗುತ್ತಿಯ ಮಳೆಯಲ್ಲಿ, ಸಿಗ್ನಲ್ ಸಿಗದ ಕಾನಿನ ಅಂಚಿನಲ್ಲಿ, ಗ್ರಾಮ ಆಡಳಿತಾಧಿಕಾರಿಯ ಬೈಕಿನ ಹಿಂದೆ ಕೂರಿಸಿ ಕರೆದೊಯ್ದಿದ್ದಾರೆಯೇ? ಅವರ ಮೇಲಿರುವ ಅಧಿಕಾರಿ ಅವರಿಗೆ ಕುರ್ಚಿ ಕೊಟ್ಟು, ಇದರಲ್ಲಿ ಏನು ಕೆಡಬಹುದು ಹೇಳು ಎಂದು ಕೇಳಿದ್ದಾರೆಯೇ? ಪ್ರೋಗ್ರಾಮರ್‌ಗಳನ್ನು ಚೆನ್ನಾಗಿ ನಡೆಸಿಕೊಳ್ಳುವುದು ಹವಾನಿಯಂತ್ರಿತ ಕಚೇರಿಗಳ ಒಳಮನೆ ವಿಚಾರ ಎಂದು ಭಾವಿಸುವವರು ಒಮ್ಮೆ ಯೋಚಿಸಬೇಕು. ಬೆಂಗಳೂರಿನಲ್ಲಿ ಹೆದರಿದವನೊಬ್ಬ ಮುಚ್ಚಿಟ್ಟ ತಪ್ಪು ಸೊರಬದ ಗದ್ದೆಯಲ್ಲಿ ಮೊಳೆಯುತ್ತದೆ.

ಹೊರಡುವ ಮೊದಲು ಹುಡುಗಿ ಒಂದು ಪ್ರಶ್ನೆ ಕೇಳಿದಳು. ಮ್ಯಾನೇಜರಿಕೆಯ ಬಗ್ಗೆ ಅಲ್ಲ.

'ಆ ಹೆಂಗಸಿಗೆ ಸಾಲ ಸಿಕ್ಕಿತೇ?'

ಇಲ್ಲ. ನಾವು ದಾಖಲೆ ಸರಿಪಡಿಸಿ, ಹೊಸ ಪಹಣಿಯನ್ನು ನಾನೇ ಅವರ ಮನೆಗೆ ತಲುಪಿಸಿದಾಗ ಜೂನ್ ಕಳೆದಿತ್ತು. ಸಂಘದವರು ಮುಂದಿನ ವರ್ಷ ನೋಡೋಣ ಎಂದಿದ್ದರು. ಗದ್ದೆಯಲ್ಲಿ ನಾಟಿ ನಡೆದಿತ್ತು. ಕೈಸಾಲ ಮಾಡಿದೆ ಎಂದರು. ಬಡ್ಡಿ ಎಷ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಪಹಣಿಯನ್ನು ಸೆರಗಿನಿಂದ ಒರೆಸಿದ ಕೈಯಲ್ಲಿ ತೆಗೆದುಕೊಂಡು, ನನಗೆ ಕೂರಲು ಮಣೆ ಹಾಕಿ, ಕುಡಿಯಲು ಮಜ್ಜಿಗೆ ಕೊಟ್ಟರು.